ನಾಲ್ಕು ಬೆರಳು ಗಿಡ್ಡ ಕದ

ನನ್ನ ಮಗಳು ಹಡೆದು ಇಂದಿಗೆ ಹನ್ನೊಂದು ದಿನ. ಹೆಣ್ಣು ಕೂಸು, ಕರಿಗೂದಲಿನ ಕೂಸು! ನಿಂತಲ್ಲಿ ನಿಲ್ಲಲಾಗದು, ಕುಂತಲ್ಲಿ ಕೂಡಲಾಗದು ನನಗೆ. ತೊಟ್ಟಿಲ ಹತ್ತಿರ ಹೋಗುತ್ತೇನೆ, ಕೂಸಿನ ಹಿಮ್ಮಡಿ ಮುಟ್ಟಿ ಬರುತ್ತೇನೆ, ಬಂದು ಕೈ ತೊಳೆಯುವುದರೊಳಗೆ ಮತ್ತೆ ಹೋಗುತ್ತೇನೆ. "ಅವ್ವಾ, ಈಗರ ಮಲಗೇತಿ, ಎಬ್ಬಿಸಬ್ಯಾಡ" ಎಂದು ಮಗಳು ಬೈಯುತ್ತಾಳೆ. ಓಣಿಯವರಿಗೆಲ್ಲ ಹೇಳಿ ಮುಗಿಯಿತು, ಬೀಗರಿಗೆ ಹೇಳಿದೆ, ಹಾಲು ಹಾಕುವವನಿಗೆ ಎರಡು ಸಲ ಹೇಳಿದೆ. ಇನ್ನು ಹೇಳಲು ಯಾರೂ ಉಳಿದಿಲ್ಲವೆಂದು ಬರೆಯಲು ವಹಿ ಹಿಡಿದು ಕುಳಿತಿದ್ದೇನೆ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿರಿ.

ಆದರೆ ಖುಷಿ ಬರೆಯಲು ಕುಳಿತವಳ ಕೈಗೆ ಬರುವುದೇ ಬೇರೆ. ಈಗ ಹಡೆದ ಈ ಮಗಳು ನನ್ನ ಹೊಟ್ಟೆಯಲ್ಲಿದ್ದ ವರ್ಷ ನೆನಪಾಗುತ್ತದೆ. ಆ ವರ್ಷದ ಬೇಸಿಗೆ, ಆ ಕದ, ಆ ಹೆದರಿಕೆ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಗಂಡನ ಮನೆ ಸವಣೂರಿನಲ್ಲಿ, ಊರಂಚಿನ ಓಣಿಯಲ್ಲಿ. ಅವರದು ಎಲೆಬಳ್ಳಿಯ ತೋಟ. ಕೊಯ್ದು ತಂದ ವೀಳ್ಯದೆಲೆಯನ್ನು ಹಿಂದಿನ ಅಂಗಳದಲ್ಲಿ ಕುಳಿತು ಆರಿಸಿ, ಪೆಂಡಿ ಕಟ್ಟಿ, ಪಡಸಾಲೆಯಲ್ಲಿ ಹಸಿ ಗೋಣಿತಟ್ಟಿನ ಕೆಳಗೆ ಇಡುತ್ತಿದ್ದೆವು. ತಲಬಾಗಿಲು ಪಡುವಣಕ್ಕೆ ಇತ್ತು. ಮಧ್ಯಾಹ್ನ ತಿರುಗಿತೆಂದರೆ ಬಿಸಿಲು ನೇರ ಕದಕ್ಕೆ ಬಡಿಯುತ್ತಿತ್ತು. ಕದದ ಸಂದಿಯಿಂದ ಒಂದಿಷ್ಟು ಬಿಸಿಗಾಳಿ ಒಳಗೆ ಬಂದರೂ ಸಾಕು, ಸಂಜೆಗೆ ಎಲೆಯ ಅಂಚು ಕಪ್ಪಾಗುತ್ತಿತ್ತು. ಹೀಗಾಗಿ ಆ ಮನೆಯಲ್ಲಿ ಕದವೆಂದರೆ ಕಳ್ಳರಿಗಿಂತ ಹೆಚ್ಚಾಗಿ ಬಿಸಿಲನ್ನು ತಡೆಯುವ ವಸ್ತು.

ಆ ವರ್ಷ ಶಿವರಾತ್ರಿ ಮುಗಿದ ಮೇಲೆ ನೋಡಿದರೆ ತಲಬಾಗಿಲಿನ ಕದ ಗೆದ್ದಲು ತಿಂದು ಹಗುರಾಗಿತ್ತು. ಹೊಸ್ತಿಲನ್ನೂ ತಿಂದಿತ್ತು. ಎರಡು ಬದಿಯ ಕಂಬಗಳು ಮಾತ್ರ ಗಟ್ಟಿ ಇದ್ದವು. ಅಂಗಳದ ಬಾಗಿಲಂತೂ ಬಿಸಿಲಿಗೆ ಒಣಗಿ, ಹಲಗೆ ಹಲಗೆ ಬಿಟ್ಟು, ಮುಚ್ಚಿದರೂ ಆಚೆಗಿನ ಬಚ್ಚಲು ಕಾಣುತ್ತಿತ್ತು. ಎರಡನ್ನೂ ಬೇಸಿಗೆ ಏರುವುದರೊಳಗೆ ಬದಲಿಸಬೇಕೆಂದು ಮಾವ ಬಡಿಗನನ್ನು ಕರೆಸಿದರು. ಆತ ನಮ್ಮೂರಿನ ಮುಸಲ್ಮಾನ ಮುದುಕ. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಮಾತಿಗಿಂತ ಮುಂಚೆ ಕೈಯಿಂದ ಕಟ್ಟಿಗೆ ಸವರಿ ನೋಡುವವನು.

ಕದ ಯಾವುದರದು ಎಂಬ ಮಾತೇ ಎರಡು ದಿನ ನಡೆಯಿತು. ಅತ್ತೆಗೆ ಹೊಲದ ಬೇವಿನ ಗಿಡ ಕಡಿಸುವ ಮನಸ್ಸು.

"ಬೇವಿಗೆ ಹುಳಾ ಹತ್ತಂಗಿಲ್ರಿ ಅಕ್ಕಾರ, ಖರೆ ಮಾತು. ಆದ್ರ ಹಸೀದ ಕಡದು ಈ ಬಿಸಿಲಿಗೆ ನಿಲ್ಸಿದ್ರ ಹಪ್ಪಳದ್ಹಂಗ ಸೊಟ್ಟ ಆಗ್ತೈತಿ. ಎರಡ ವರ್ಷ ನೆರಳಾಗ ಒಣಗಬೇಕು" ಎಂದ ಬಡಿಗ.

"ಅಲ್ಲೀತನಾ ಎಲಿ ಮ್ಯಾಲ ನಾ ಸೀರಿ ಹೊಚ್ಚಿ ಕುಂದರ್ಲೇನು?" ಎಂದರು ಅತ್ತೆ.

ನನ್ನ ಗಂಡ ಶಿಗ್ಗಾವಿಯ ಅಂಗಡಿಗಳಲ್ಲಿ ತಗಡಿನ ಬಾಗಿಲು ನೋಡಿ ಬಂದಿದ್ದರು. ಗೆದ್ದಲಿನ ಕಾಟವಿಲ್ಲ, ಒಣಗಿ ಬಿರಿಯುವುದಿಲ್ಲ, ಎರಡೂ ಕಡೆಗೆ ತಗಡನ್ನೇ ಹಚ್ಚೋಣ ಎಂದು ಅವರದು ಒಂದೇ ಹಟ.

"ಹಚ್ಚಪಾ, ಹಚ್ಚು. ಒಲಿ ಹೂಡೂ ಕೆಲಸಾ ತಪ್ತು. ನಿನ್ನ ಬಾಗಲದ ಮ್ಯಾಲನ ರೊಟ್ಟಿ ಬಡದು ಹಾಕ್ತೇನಿ" ಎಂದರು ಅತ್ತೆ.

ಬಡಿಗ ಗಡ್ಡದೊಳಗೇ ನಕ್ಕ. ಕಡೆಗೆ ಮಾವ ಇಬ್ಬರಿಗೂ ಅರ್ಧರ್ಧ ನ್ಯಾಯ ಕೊಟ್ಟರು. ಅಂಗಳದ ಬಾಗಿಲಿಗೆ ತಗಡು, ತಲಬಾಗಿಲಿಗೆ ಸಾಗವಾನಿ. ಕಟ್ಟಿಗೆಯನ್ನು ನನ್ನ ಅಪ್ಪನಿಂದ ತರಿಸುವುದೆಂದಾಯಿತು. ನನ್ನ ತವರು ಹಾನಗಲ್. ಅಪ್ಪ ಅಡವಿ ಕಡೆಯಿಂದ ಕಟ್ಟಿಗೆ ಹೇರುವ ಗಾಡಿ ಹೊಡೆಯುತ್ತಿದ್ದ.

ಅಂದು ಸಂಜೆ ಅತ್ತೆ ನನ್ನನ್ನು ಅಡಿಗೆಮನೆಗೆ ಕರೆದರು.

"ಬಸುರಿ ಇದ್ದ ಮನ್ಯಾಗ ಹೊಸ್ತಿಲಾ ಕೀಳೂದಿಲ್ಲ, ನಿನಗ ಗೊತ್ತೈತಿ. ಖರೆ ಹೇಳು, ನಿನ್ನ ದಿನಾ ಸರಿ ಅದಾವಿಲ್ಲೋ?"

"ಸರಿ ಅದಾವ್ರಿ ಅತ್ತಿ" ಎಂದೆ.

ಸುಳ್ಳು. ಹನ್ನೆರಡು ದಿನ ಮೇಲಾಗಿತ್ತು.

ಯಾಕೆ ಹೇಳಿದೆ? ಅದರ ಹಿಂದಿನ ವರ್ಷ ನನಗೆ ಒಮ್ಮೆ ನಿಂತಿತ್ತು. ಹೇಳಿದ ದಿನವೇ ಅತ್ತೆ ಸಂತೋಷ ತಡೆಯಲಾರದೆ ಓಣಿಗೆಲ್ಲ ಸಾರಿ ಬಂದಿದ್ದರು. ಮೂರನೇ ತಿಂಗಳಲ್ಲಿ ಹೋಯಿತು. ಆಮೇಲೆ ಬಾವಿಗೆ ಹೋದರೆ ಕೇಳುವವರು, ಗಿರಣಿಗೆ ಹೋದರೆ ಕೇಳುವವರು. "ಪಾಪ" ಎನ್ನುತ್ತಿದ್ದರು, ನನ್ನ ಹೊಟ್ಟೆ ನೋಡುತ್ತಿದ್ದರು. ಅತ್ತೆ ನನಗೆ ಒಂದು ಕೆಟ್ಟ ಮಾತು ಅನ್ನಲಿಲ್ಲ, ಆದರೆ ಒಂದು ತಿಂಗಳು ಬಾವಿಯ ಕಡೆಗೆ ಹೋಗಲಿಲ್ಲ. ಹೇಳಿದ್ದರಿಂದಲೇ ಹೋಯಿತೆಂದು ನನ್ನ ತಲೆಯಲ್ಲಿ ಕುಳಿತುಬಿಟ್ಟಿತ್ತು. ಈ ಸಲ ಬಾಯಿ ಬಿಡಬಾರದು, ಬಿಟ್ಟರೆ ಇದೂ ಹೋಗುತ್ತದೆ. ಆದರೆ ಬಾಯಿ ಬಿಡದಿದ್ದರೆ ಹೊಸ್ತಿಲು ಕೀಳುತ್ತಾರೆ, ಆಗಲೂ ಹೋಗುತ್ತದೆ. ಹತ್ತೊಂಬತ್ತು ವರ್ಷದವಳು ನಾನು, ಯಾವ ಕಡೆ ತಿರುಗಲಿ?

ಕಟ್ಟಿಗೆ ನೋಡಲು ಗಂಡನ ಜೊತೆ ಹಾನಗಲ್ಲಿಗೆ ಹೊರಟೆ. ಗಾಡಿಯ ದಾರಿ, ಶಿಗ್ಗಾವಿಯಲ್ಲಿ ಒಂದು ರಾತ್ರಿ ವಸ್ತಿ. ಗಾಲಿ ಕಲ್ಲಿಗೆ ಬಡಿದಾಗಲೆಲ್ಲ ಸೆರಗಿನೊಳಗೆ ಹೊಟ್ಟೆಯನ್ನು ಎರಡೂ ಕೈಯಿಂದ ಹಿಡಿಯುತ್ತಿದ್ದೆ. "ಯಾಕ, ಹೊಟ್ಟಿ ನೋಯ್ತತೇನು?" ಎಂದರು ಗಂಡ. "ಹಸಿವ್ರಿ" ಎಂದೆ. ಪಾಪ, ಇಳಿದು ಹೋಗಿ ಪುಟಾಣಿ ಕೊಂಡು ತಂದರು. ತಿನ್ನಲಾಗದೆ ಒಂದೊಂದೇ ಕಾಳು ದಾರಿಗೆ ಚೆಲ್ಲುತ್ತ ಹೋದೆ.

ಅಪ್ಪ ದನದ ಕೊಟ್ಟಿಗೆಯ ಅಟ್ಟದ ಮೇಲೆ ಒಣಗಲಿಟ್ಟಿದ್ದ ಸಾಗವಾನಿಯ ಹಲಗೆಗಳನ್ನು ಇಳಿಸಿದ. ಬೆರಳ ಗೆಣ್ಣಿನಿಂದ ಬಡಿದು ಅಳಿಯನಿಗೆ ಸಪ್ಪಳ ಕೇಳಿಸಿದ. "ಹಸೀದಾದ್ರ ದಬ್ ಅಂತೈತಿ. ಇದು ನೋಡ್ರಿ, ಠಣ್ ಅಂತೈತಿ. ಇದಕ್ಕ ಯಾವ ಬಿಸಿಲಾ ಏನೂ ಮಾಡಂಗಿಲ್ಲ." ಹೊಸ್ತಿಲಿಗೆ ಸಾಗವಾನಿ ಬೇಡ, ತುಳಿತಕ್ಕೆ ಮತ್ತಿ ಮರವೇ ಗಟ್ಟಿ ಎಂದು ಒಂದು ದಪ್ಪ ತುಂಡನ್ನೂ ಆರಿಸಿದ. ಅವರು ಗಾಡಿಗೆ ಹೇರುತ್ತಿದ್ದಾಗ ಒಳಗೆ ಅವ್ವ ಬದನೆಕಾಯಿಗೆ ಒಗ್ಗರಣೆ ಕೊಟ್ಟಳು. ನಾನು ಹಿತ್ತಲಿಗೆ ಓಡಿದೆ.

ಬಾಯಿ ತೊಳೆದು ತಿರುಗಿದರೆ ಅವ್ವ ಹಿಂದೆಯೇ ನಿಂತಿದ್ದಳು.

"ನಿಮ್ಮತ್ತಿಗೆ ಗೊತ್ತೈತೇನು?"

"ಇಲ್ಲ."

"ಹೊರಗ ನಿಮ್ಮಪ್ಪ ಹೊಸ್ತಿಲದ ಕಟಗಿ ಹೇರಾಕತ್ತಾನ. ನೀ ಸುಮ್ಮ ಅದೀಯಲ್ಲ!"

"ಹೇಳಿದ್ರ ಹೋದ ಸಲದ್ಹಂಗ ಆದ್ರ?"

"ಹೇಳಿದ್ದಕ್ಕ ಹೋತೇನ ಹುಚ್ಚಿ ಅದು?"

"ನಾ ಹೇಳಿ ಕಳಸ್ಲೇನು?" ಎಂದಳು ಅವ್ವ. ಬೇಡವೆಂದು ಅವಳ ಕೈ ಹಿಡಿದುಕೊಂಡೆ. ನಾನೇ ಹೇಳುತ್ತೇನೆಂದು ಮಾತು ಕೊಟ್ಟೆ. ಹೇಳಲಿಲ್ಲ.

ಬಡಿಗ ತನ್ನ ಚಪ್ಪರದಲ್ಲೇ ಕದ ಮಾಡಿದ. ಮೊದಲು ತಗಡಿನ ಬಾಗಿಲು ಬಂತು. ಹಚ್ಚಿದ ದಿನವೇ ಮಧ್ಯಾಹ್ನ ಮರೆತು ಅಂಗೈ ಊರಿದೆ, ಬೊಬ್ಬೆ ಎದ್ದಿತು. ಆಮೇಲೆ ಸಾಗವಾನಿಯ ಜೋಡು ಕದ ಬಂತು. ಎಂಥ ಚೆಂದ ಇತ್ತು! ಬಡಿಗ ಅದನ್ನು ಹಳೆಯ ಕಂಬಗಳಿಗೆ ಕಬ್ಬಿಣದ ಬಿಜಾಗರಿ ಹಾಕಿ ತೂಗಿಬಿಟ್ಟ. ಹೊಸ ಹೊಸ್ತಿಲು ಹಳೆಯದಕ್ಕಿಂತ ದಪ್ಪ. ಅದಕ್ಕೆ ಸರಿಯಾಗಿ ಕದವನ್ನು ನಾಲ್ಕು ಬೆರಳು ಗಿಡ್ಡ ಮಾಡಿದ್ದ. "ನಾಳಿ ಹೊಸ್ತಿಲಾ ಕುಂದ್ರಸ್ತೇನಿ. ಕದಾ ಅದಕ್ಕ ತುಟಿಗೆ ತುಟಿ ಹಚ್ಚಿದ್ಹಂಗ ಕುಂದರ್ತೈತಿ" ಎಂದು ಹೋದ. ಆತ ಮೊಳೆ ಬಡಿದಾಗಲೆಲ್ಲ ನನ್ನ ಹೊಟ್ಟೆಗೇ ಬಡಿದಂತಾಗಿತ್ತು.

ಮರುದಿನ ಬೆಳಿಗ್ಗೆ ಅತ್ತೆ ಹಳೆಯ ಹೊಸ್ತಿಲಿಗೆ ಅರಿಷಿಣ ಹಚ್ಚಿ, ಕಾಯಿ ಒಡೆದು, ತಪ್ಪಾಯಿತೆಂದು ಕೈಮುಗಿದರು. ಮಾವ ಪಡಸಾಲೆಯಲ್ಲಿ ಎಲೆಯ ಪೆಂಡಿಗೆ ನೀರು ಚಿಮುಕಿಸುತ್ತಿದ್ದರು. ನನ್ನ ಗಂಡ ತೋಟಕ್ಕೆ ಹೋಗಿದ್ದರು. ಬಡಿಗ ಹೊಸ್ತಿಲಿನ ಕೆಳಗೆ ಹಾರೆ ತೂರಿಸಿ ಭಾರ ಹಾಕಿದ. ಕಟ್ಟಿಗೆ ಕಿರ್ ಎಂದಿತು.

"ತಡೀರಿ!"

ಅದು ನನ್ನ ಧ್ವನಿ. ಮಾವನ ಮುಂದೆ ನಾನು ಅಲ್ಲಿಯ ತನಕ ಬಾಯಿ ತೆರೆದು ಮಾತಾಡಿದವಳಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತು, ತಲೆಯ ಸೆರಗು ಜಾರಿದ್ದೂ ತಿಳಿಯದೆ ಹೇಳಿಬಿಟ್ಟೆ: "ಹೊಸ್ತಿಲಾ ಕೀಳಬ್ಯಾಡ್ರಿ. ನನಗ ಎರಡನೇ ತಿಂಗಳಾ ನಡದೇತಿ."

ಬಡಿಗ ಹಾರೆಯನ್ನು ಸಪ್ಪಳವಾಗದಂತೆ ನೆಲಕ್ಕೆ ಮಲಗಿಸಿ ಮುಖವನ್ನು ಓಣಿಯ ಕಡೆ ತಿರುಗಿಸಿದ. ಮಾವ ಎದ್ದು, ಯಾರನ್ನೂ ನೋಡದೆ ಸರಸರ ಅಂಗಳದ ಕಡೆ ನಡೆದರು. ಅತ್ತೆ ಅರಿಷಿಣದ ಬಟ್ಟಲು ಕೆಳಗಿಟ್ಟು ನನ್ನ ಹತ್ತಿರ ಬಂದರು.

"ನಾ ಕೇಳಿದ್ನಲ್ಲ. ಏನಂದಿದ್ದಿ?"

"ಸರಿ ಅದಾವ ಅಂದಿದ್ನಿರಿ."

"ಯಾಕಂದಿ?"

"ಹೋದ ಸಲ ನೀವು..." ಎಂದೆ. ಮುಂದೆ ಹೇಳುವ ಅಗತ್ಯ ಬೀಳಲಿಲ್ಲ. ಅತ್ತೆಯ ಮುಖ ಒಂದು ಕ್ಷಣದಲ್ಲಿ ಹತ್ತು ವರ್ಷ ಮುಪ್ಪಾಯಿತು.

"ಒಳಗ ಹೋಗು" ಎಂದರು. ಬಡಿಗನಿಗೆ, "ಸಾಬ್ರ, ಕೆಲಸಾ ನಿಲ್ಲಸ್ರಿ. ಇನ್ನ ಒಂದು ಮೊಳಿ ಸೈತ ಬ್ಯಾಡ" ಎಂದರು.

ಬಡಿಗ ಮತ್ತಿಯ ಹೊಸ್ತಿಲನ್ನು ಹೆಗಲ ಮೇಲೆ ಹೊತ್ತುಕೊಂಡು ವಾಪಸು ಹೋದ.

ಹೀಗೆ ನಮ್ಮ ತಲಬಾಗಿಲಿಗೆ ಹೊಸ ಕದ, ಹಳೆಯ ಹೊಸ್ತಿಲು, ನಡುವೆ ನಾಲ್ಕು ಬೆರಳು ಸಂದಿ. ಕದದ ಕೆಳಗೆ ಒಂದು ಪಟ್ಟಿ ಜಡಿದರೆ ಮುಗಿಯುತ್ತಿತ್ತು, ಆದರೆ ಬಸುರಿ ಇರುವ ಮನೆಯಲ್ಲಿ ಬಾಗಿಲಿಗೆ ಮೊಳೆ ಜಡಿಯುವಂತಿಲ್ಲ. ಯುಗಾದಿ ದಾಟಿದ ಮೇಲೆ ಆ ಸಂದಿಯಿಂದ ಬರುತ್ತಿದ್ದ ಗಾಳಿ ಒಲೆಯ ಬಾಯಿಂದ ಬಂದಂತಿರುತ್ತಿತ್ತು. ಹಿಂದುಗಡೆ ತಗಡು ಕಾದು ಸುಡುತ್ತಿತ್ತು. ಗಂಡ ತಾವೇ ಜೋಳದ ದಂಟಿನ ತಟ್ಟಿ ಮಾಡಿ ಅದಕ್ಕೆ ಹಗ್ಗದಿಂದ ಬಿಗಿದರು, ತಗಡಿನ ಹೆಸರನ್ನು ಮತ್ತೆ ಎತ್ತಲಿಲ್ಲ. ಎಲೆಗಳು ಬಾಡಿದವು. ಮಾವ ಬಾಡಿದ್ದನ್ನು ಬುಟ್ಟಿ ತುಂಬಿ ಹೊರಗೆ ಚೆಲ್ಲುವಾಗ ನಾನು ಗೋಡೆಯ ಕಡೆ ಮುಖ ಮಾಡುತ್ತಿದ್ದೆ. ಯಾರೂ ಏನೂ ಅನ್ನಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಇಷ್ಟೆಲ್ಲ ಹಾಳು ಮಾಡಿಸಿ ಈ ಸಲವೂ ಕೂಸು ನಿಲ್ಲದಿದ್ದರೆ ಇವರಿಗೆ ಹೇಗೆ ಮುಖ ತೋರಿಸಲಿ ಎಂದು ಮೂರನೇ ತಿಂಗಳಿಡೀ ದಿನ ಎಣಿಸಿದೆ. ದಿನಕ್ಕೆ ಹತ್ತು ಸಲ ಬಚ್ಚಲಿಗೆ ಹೋಗಿ ಸೀರೆ ನೋಡಿಕೊಳ್ಳುತ್ತಿದ್ದೆ.

ಅತ್ತೆ ಯಾರಿಗೂ ಹೇಳಲಿಲ್ಲ. ಮಧ್ಯಾಹ್ನವಾದರೆ ಹಸಿ ಗೋಣಿಯನ್ನು ಸುರುಳಿ ಸುತ್ತಿ ಸಂದಿಗೆ ಒತ್ತಿ, ಅದು ಸರಿಯದಂತೆ ತಾವೇ ಅಲ್ಲಿ ಬೆನ್ನು ಕೊಟ್ಟು ಕುಳಿತು ಬತ್ತಿ ಹೊಸೆಯುತ್ತಿದ್ದರು. ಓಣಿಯ ಹೆಂಗಸರು ಬಂದು ಕದ ನೋಡಿ ನಗುತ್ತಿದ್ದರು.

"ಏನ್ ಯವ್ವಾ, ನಿಮ್ಮ ಬಾಗಲಾ ಗಿಡ್ಡ ಚೊಣ್ಣಾ ಹಾಕ್ಕೊಂಡೇತಿ?"

"ಏನ್ ಮಾಡೂದು, ಬಡಿಗ್ಯಾ ಅಳತಿ ತಪ್ಪ್ಯಾನ" ಎಂದುಬಿಟ್ಟರು ಅತ್ತೆ.

ಆ ಮಾತು ಊರೆಲ್ಲ ಹಬ್ಬಿತು. ನಲವತ್ತು ವರ್ಷ ಉಳಿ ಬಾಚಿ ಹಿಡಿದವನು ಒಂದು ಕದದ ಅಳತೆ ತಪ್ಪಿದನಂತೆ! ಒಮ್ಮೆ ಆತ ನಮ್ಮ ಓಣಿಯಲ್ಲಿ ಹಾದು ಹೋಗುವಾಗ ಎದುರು ಮನೆಯವರು ಕೂಗಿ ಕೇಳಿದರು. ಒಳಗೆ ನಾನು ಕದದ ಮರೆಗೆ ಸರಿದು ಕಿವಿಗೊಟ್ಟೆ. ಗುಟ್ಟು ರಟ್ಟಾಗಲು ಆತ ಒಂದು ಮಾತು ಹೇಳಿದರೆ ಸಾಕಿತ್ತು.

"ಹೌದ್ರಿ, ಕಣ್ಣ ಮಂದ ಆಗ್ಯಾವ. ವಯಸ್ಸಾತಲ್ರಿ" ಎಂದು ನಡೆದುಬಿಟ್ಟ.

ಮಳೆಗಾಲದಲ್ಲಿ ಸಂದಿಯಿಂದ ನೀರು ನುಗ್ಗಿತು. ಏಳು ತುಂಬುತ್ತಲೇ ನನ್ನನ್ನು ತವರಿಗೆ ಕಳಿಸಿದರು. ದೀಪಾವಳಿಯ ಹೊತ್ತಿಗೆ ಈ ಮಗಳು ಹುಟ್ಟಿದಳು. ಹುಟ್ಟಿದ ಕೂಡಲೇ ಅತ್ತ ದನಿಗೆ ಕೊಟ್ಟಿಗೆಯ ಎತ್ತುಗಳು ಎದ್ದು ನಿಂತವಂತೆ! ಅಪ್ಪ ಸುದ್ದಿ ಮುಟ್ಟಿಸಲು ಸವಣೂರಿಗೆ ಹೋದ. ಬಂದು ಹೇಳಿದ್ದನ್ನು ಕೇಳಿ ಬಾಣಂತಿ ನಾನು ಹೊಟ್ಟೆ ಹಿಡಿದು ನಕ್ಕೆ. ಸುದ್ದಿ ಕೇಳಿದ ಮಾವ ಕಾಲಿಗೆ ಚಪ್ಪಲಿಯನ್ನೂ ಹಾಕದೆ ಬಡಿಗನ ಮನೆಗೆ ಓಡಿ, "ಸಾಬ್ರ, ಹಡದ್ಲು! ಹಾರಿ ತಗೊಂಡ್ ಬರ್ರಿ!" ಎಂದು ಕೂಗಿದರಂತೆ.

ಆದರೆ ಅತ್ತೆ ಕೀಳಗೊಡಲಿಲ್ಲ. "ಇಷ್ಟ ದಿನಾ ಆ ಕೂಸಿನ ಸಲುವಾಗಿ ನಿಂತೇತಿ. ಕೂಸು ಬಂದು ಇದನ್ನ ದಾಟ್ಲಿ, ಆಮ್ಯಾಲ ಕೀಳ್ರಿ" ಎಂದು ಅಡ್ಡ ನಿಂತರಂತೆ. ಹೀಗೆ ಗಿಡ್ಡ ಕದ ಮತ್ತೆ ಐದು ತಿಂಗಳು ತೂಗಿತು.

ನಾನು ಕೂಸನ್ನು ಎತ್ತಿಕೊಂಡು ಬಂದ ದಿನ ಓಣಿಯ ಹೆಂಗಸರೆಲ್ಲ ಸೇರಿದ್ದರು. ದೃಷ್ಟಿ ತೆಗೆದ ಮೇಲೆ ಹಳೆಯ ಹೊಸ್ತಿಲು ದಾಟಿ ಒಳಗೆ ಹೋದೆ. ನಾನು ಪಡಸಾಲೆಯಲ್ಲಿ ಕುಳಿತಿದ್ದೇ ತಡ, ಬಡಿಗ ಹಾರೆ ಹಾಕಿದ. ಜೋರು ಮಾಡುವುದೇ ಬೇಕಾಗಲಿಲ್ಲ. ಹೊಸ್ತಿಲು ಮಣ್ಣಾಗಿ ಪುಡಿಪುಡಿಯಾಗಿ ಬಂತು. ಮತ್ತಿಯ ತುಂಡನ್ನು ಕೂರಿಸಿ, ಗಾರೆ ಮೆತ್ತಿ, ಎರಡೂ ಕದ ಎಳೆದ. ಹೊರಗಿನ ಬಿಸಿಲು ಪಡಸಾಲೆಯಿಂದ ಒಮ್ಮೆಲೇ ಹೊರಟುಹೋಯಿತು. ಒಂದು ಕೂದಲು ತೂರುವಷ್ಟೂ ಸಂದಿ ಉಳಿಯಲಿಲ್ಲ.

ಅತ್ತೆ ಮತ್ತೆ ಕದ ತೆರೆದು ಹೊರಗೆ ನಿಂತವರಿಗೆಲ್ಲ ಕೇಳುವಂತೆ ಹೇಳಿದರು: "ನೋಡ್ರವಾ, ಅಳತಿ ಮೊದಲಿಂದನ ಬರೋಬರಿ ಇತ್ತು. ಸಾಬ್ರು ತಪ್ಪಿರಲಿಲ್ಲ. ಸುಳ್ಳ ಹೇಳಿದಾಕಿ ನಾನು."

"ಇದನ್ನ ಸ್ವಲ್ಪ ಡಂಗುರಾ ಹೊಡಸ್ರಿ ಅಕ್ಕಾರ. ವರ್ಷಾತು, ಮಂದಿ ನನಗ ಒಂದು ಕುಂದರೂ ಮಣಿ ಮಾಡಾಕ ಕೊಡಬೇಕಾದ್ರೂ ಎರಡೆರಡ ಸಲ ಅಳತಿ ಕೇಳ್ತಾರ" ಎಂದ ಬಡಿಗ. ಎಲ್ಲರೂ ನಕ್ಕರು.

ನನಗೆ ನಗಲಾಗಲಿಲ್ಲ. "ಮೊದಲ ಸುಳ್ಳ ಹೇಳಿದಾಕಿ ನಾನ್ರಿ ಅತ್ತಿ" ಎಂದೆ, ಎಲ್ಲರ ಎದುರಿಗೇ.

"ನೀ ಸುಮ್ಮನಿರು" ಎಂದರು ಅತ್ತೆ, ನನ್ನ ಕಡೆ ತಿರುಗಿಯೂ ನೋಡದೆ. "ಕೂಸು ಬಾಯಿ ಬಡ್ಕೊಳ್ಳಾಕತ್ತೇತಿ. ಮೊದಲ ಅದಕ್ಕ ಹಾಲ ಕುಡಸು."