ಸ್ಪೀಕರಿನಲ್ಲಿ ಕೇಳಿಸಿದ ಪಿಸುಮಾತು

ಕಪಾಟಿನ ಮೇಲಿಡುವ ಸ್ಪೀಕರ್ ಕೊಳ್ಳಲು ಹೆಂಡತಿಯೊಡನೆ ಹುಬ್ಬಳ್ಳಿಯ ಅಂಗಡಿಗೆ ಹೋಗಿದ್ದೆ. ಆಂಪ್ಲಿಫೈಯರ್ ಒಳಗೇ ಇತ್ತು. ಮಂದ್ರದಿಂದ ತಾರದವರೆಗೆ ಎಲ್ಲ ಸ್ವರಕ್ಕೂ ದನಿ ಹೊರಡಿಸುವ ಡ್ರೈವರ್ ಒಂದೇ. "ಎದುರಿಗೆ ಕುಂತು ಹಾಡಿದಂಗ ಕೇಳಸ್ತೈತ್ರಿ. ನಿಮಗ ಬೇಕಾದ ಹಾಡು ಹಚ್ಚರಿ," ಅಂದರು ಅಂಗಡಿಯವರು.

ನಾನು ಹಚ್ಚಿದ್ದು ನನ್ನದೇ ಹಾಡು. ಧಾರವಾಡದ ಗೆಳೆಯರ ಮನೆಯಲ್ಲಿ ಹಾಡಿದ ಯಮನ್ ರಾಗ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಎಷ್ಟೋ ಸಲ ಕೇಳಿ ನಾನೇ ಮೆಚ್ಚಿಕೊಂಡದ್ದು. ಕಣ್ಣು ಮುಚ್ಚಿ ತಲೆದೂಗುತ್ತಿದ್ದೆ. ರೆಕಾರ್ಡಿಂಗಿನಲ್ಲಿ ಆಲಾಪದ ನಡುವೆ ಯಾರೋ ಹೆಂಗಸು ಪಿಸುಗುಟ್ಟಿದ್ದು ಮೊದಲ ಸಲ ಕೇಳಿಸಿತು: "ಇನ್ನ ಎಷ್ಟೊತ್ತು ಹಾಡ್ತಾರ್ರಿ?"

"ಚಹಾ ಬಂದರ ನಿಲ್ಲಸ್ತಾರ್ರಿ. ನಾನೂ ಅದಕ್ಕ ಕಾಯಾಕತ್ತೇನಿ." ಈ ದನಿ ನನ್ನ ಹೆಂಡತಿಯದು.

ಕಣ್ಣು ತೆರೆದೆ. ಅವಳು ಗೋಡೆ ನೋಡುತ್ತಿದ್ದಳು.

"ಹೆಂಗೈತ್ರಿ ಸರ್, ಕ್ಲಿಯರ್?" ಅಂಗಡಿಯವರು ಕೇಳಿದರು.

"ಭಾಳ ಕ್ಲಿಯರ್ ಐತ್ರಿ," ಎಂದೆ.

ಸ್ಪೀಕರ್ ಕೊಂಡೆವು. ಈಗ ಮನೆಯಲ್ಲಿ ದಿನಾ ಸಂಗೀತ ಕೇಳುತ್ತೇವೆ. ಎಲ್ಲವೂ ಬೇರೆಯವರು ಹಾಡಿದ್ದೇ.