ಕಿಟಕಿಯ ಸರಳು ಹಿಡಿದವಳು

ನಾನು ಹುಟ್ಟಿದ್ದು ಮರಳವಾಡಿ ಕಡೆ. ಚಿಕ್ಕಂದಿನಿಂದಲೂ ಬಾಯಿಬಡಕಿ. ಕನಕಪುರದ ಕಾಲೇಜಿನಲ್ಲಿ ಏಕಪಾತ್ರಾಭಿನಯಕ್ಕೆ ನಿಂತರೆ ಹಿಂದಿನ ಬೆಂಚಿನ ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬಸ್ ಕಂಡಕ್ಟರು, ಬೀಗರ ಮನೆಯಲ್ಲಿ ಮುನಿಸಿಕೊಂಡ ಅತ್ತೆ, ಸೊಪ್ಪು ಮಾರುವವಳು, ಎಲ್ಲರೂ ನನ್ನ ನಾಲಿಗೆಯ ಮೇಲಿದ್ದರು. "ಇವ್ಳ ಬಾಯ್ಗೆ ಬೀಗ ಹಾಕೋ ಗಂಡು ಎಲ್ಲವ್ನೋ" ಎಂದು ಅವ್ವ ಕೊರಗುತ್ತಿದ್ದಳು. ಗಂಡು ಚನ್ನಪಟ್ಟಣದಲ್ಲಿ ಸಿಕ್ಕಿತು. ನಮ್ಮ ಯಜಮಾನರು ಬಿಡದಿಯ ಕಾರ್ಖಾನೆಯೊಂದರ ಬಸ್ಸು ಓಡಿಸುತ್ತಾರೆ. ಮನೆಗೆ ಬಂದರೆ ನನ್ನ ಮಾತಿಗೆ ನಗುವುದೇ ಅವರ ಕೆಲಸ. ಬೀಗ ಹಾಕಿದ್ದು ಅವರಲ್ಲ, ಸಿನಿಮಾದವರು.

ಆದದ್ದಿಷ್ಟು. ಒಬ್ಬ ನಿರ್ದೇಶಕರು ಹಳೇ ಹೆಂಚಿನ ಮನೆ ಹುಡುಕಿಕೊಂಡು ನಮ್ಮ ಬೀದಿಗೆ ಬಂದರು. ನನಗಾಗ ಎರಡು ದಿನದಿಂದ ದವಡೆ ಹಲ್ಲಿನ ನೋವು. ಲವಂಗ ಕಚ್ಚಿಕೊಂಡು, ಒಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದು, ಇನ್ನೊಂದನ್ನು ಕೆನ್ನೆಗಾನಿಸಿ ಬೀದಿ ನೋಡುತ್ತ ನಿಂತಿದ್ದೆ. ಅವರು ನಿಂತಲ್ಲೇ ನಿಂತುಬಿಟ್ಟರು. "ಇಂಥ ನೋವಿನ ಮುಖಕ್ಕಾಗಿ ಎಷ್ಟು ಅಲೆದೆ ಗೊತ್ತಾ ಮೇಡಂ?" ಎಂದರು. ಅದು ಹಲ್ಲಿನ ನೋವು ಸ್ವಾಮಿ ಎನ್ನೋಣವೆಂದರೆ ದವಡೆ ಊದಿ ಬಾಯಿಯೇ ಬಿಡಲಾಗಲಿಲ್ಲ.

ಸಿನಿಮಾದಲ್ಲಿ ಪಾತ್ರ ಮಾಡಿ ಅಂದಾಗ ಕುಣಿದಾಡಿಬಿಟ್ಟೆ. ಮೊದಲು ನಮ್ಮ ಮನೆಯನ್ನು ಬಡವರ ಮನೆ ಮಾಡಿದರು. ಫ್ರಿಜ್ಜಿಗೆ ಗೋಣಿಚೀಲ ಹೊದಿಸಿದರು, ಟ್ಯೂಬ್‌ಲೈಟ್ ಕಿತ್ತು ಲಾಟೀನು ತೂಗುಹಾಕಿದರು. ನನ್ನದು ಗಂಡ ಕೂಡಿಹಾಕಿದ ಹೆಂಡತಿಯ ಪಾತ್ರ. ಸಿಕ್ಕಿಕೊಂಡ ಭಾವ ಮುಖಕ್ಕೆ ಬರಲೆಂದು ನಿಜವಾಗಿಯೂ ಹೊರಗಿನಿಂದ ಚಿಲಕ ಹಾಕಿಸುತ್ತಿದ್ದರು. ನಮ್ಮದೇ ಕೋಣೆ, ನಮ್ಮದೇ ಚಿಲಕ. ಒಳಗೆ ನಾನು, ಹೊರಗೆ ಕ್ಯಾಮೆರಾ. ಇಡೀ ಚಿತ್ರದಲ್ಲಿ ನನಗೆ ಒಂದು ಮಾತಿಲ್ಲ. "ಸರ್, ಒಂದೇ ಒಂದು ಡೈಲಾಗು ಕೊಡಿ" ಎಂದು ಗೋಗರೆದೆ. ಅವರು ಒಳ್ಳೆಯವರು, ಮುಚ್ಚುಮರೆಯಿಲ್ಲದೆ ಹೇಳಿದರು: "ನಗಿಸಿದ್ರೆ ಟಿಕೆಟ್ ಓಡುತ್ತೆ ಮೇಡಂ, ಪ್ರಶಸ್ತಿಗೆ ಕಣ್ಣೀರೇ ಬೇಕು. ಅದೂ ಮಾತಿಲ್ಲದ ಕಣ್ಣೀರು."

ಪ್ರಶಸ್ತಿ ಬಂತು. ಚಿತ್ರಕ್ಕೂ ಬಂತು, ನನಗೂ ಬಂತು. ಚಿತ್ರ ನಮ್ಮೂರ ಟಾಕೀಸಿನ ಮುಖ ನೋಡಲಿಲ್ಲ. ಒಂದು ಭಾನುವಾರ ಟಿವಿಯಲ್ಲಿ ಹಾಕಿದರು, ಬೀದಿಗೆ ಬೀದಿಯೇ ಕೂತು ನೋಡಿತು. ಮಾರನೇ ದಿನದಿಂದ ತರಕಾರಿಯವಳು ನನ್ನ ಹತ್ತಿರ ಚೌಕಾಸಿ ನಿಲ್ಲಿಸಿದಳು. ನಾನು ಹೋದರೆ ಹೆಂಗಸರು ದನಿ ತಗ್ಗಿಸುತ್ತಿದ್ದರು. ಎದುರುಮನೆಯ ಹಿರಿಯರೊಬ್ಬರು ನಮ್ಮ ಯಜಮಾನರನ್ನು ಪಕ್ಕಕ್ಕೆ ಕರೆದು, "ಅಂಥ ಮೂಗ್‌ಬಸ್ವನಂಗಿರೋ ಎಣ್ಣಿನ್ ಮ್ಯಾಲೆ ಕೈ ಮಾಡಾಕೆ ಮನ್ಸಾದ್ರೂ ಎಂಗ್ ಬತ್ತದ್ಲಾ?" ಎಂದು ಉಗಿದರಂತೆ. ಯಜಮಾನರು ಮನೆಗೆ ಬಂದು ಸಪ್ಪಗೆ ಕೂತರು. "ಒಸಿ ಬೀದೀಲಿ ನಗ್ನಗ್ತಾ ಓಡಾಡೇ, ನನ್ ಮಾನ ಉಳ್ಸು" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅವರು ಮಾತ್ರ ಮೊದಲ ಸಲ ನನ್ನ ಜೊತೆ ನಗಲಿಲ್ಲ.

ಆಮೇಲೆ ಒಬ್ಬರ ಹಿಂದೊಬ್ಬರು ನಿರ್ದೇಶಕರು ಬಂದರು. ತಿಪ್ಪಸಂದ್ರದ ಕಡೆ ಗಂಡ ಸತ್ತವಳಾದೆ, ರಾಮನಗರದ ಬಂಡೆಗಳ ನಡುವೆ ಮಗನನ್ನು ಕಳಕೊಂಡವಳಾದೆ. ಊರು ಬೇರೆ, ಸೀರೆಯ ಮಾಸಲು ಬಣ್ಣ ಅದೇ, ಕಿಟಕಿ ಅದೇ. ಹಲ್ಲು ಕೀಳಿಸಿ ಯಾವ ಕಾಲವಾಗಿತ್ತೋ, ಆದರೂ "ಆ್ಯಕ್ಷನ್" ಅಂದ ಕೂಡಲೇ ಆ ದವಡೆಯನ್ನು ನೆನೆಸಿಕೊಳ್ಳುತ್ತಿದ್ದೆ, ಕೈ ಕೆನ್ನೆಗೆ ಹೋಗುತ್ತಿತ್ತು. ಅದನ್ನೇ ಪತ್ರಿಕೆಯವರು ಶತಮಾನಗಳ ಮೌನ ಎಂದು ಬರೆದರು. ಅಳದಿದ್ದರೆ ತಾಯಿಯೂ ಹಾಲು ಕೊಡಳು ಅನ್ನುತ್ತಾರೆ. ಪ್ರಶಸ್ತಿ ಕೊಡುವವರದ್ದೂ ಅದೇ ಚಾಳಿ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಹೆಂಗಸರನ್ನು ನಾನು ಕಂಡಿದ್ದೇನೆ. ಬಿಸಿನೀರಲ್ಲಿ ಬೆರಳು ಬೆಂದು ಬೆಳ್ಳಗಾಗಿರುತ್ತದೆ, ಬಾಯಲ್ಲಿ ಮಾತ್ರ ಇಡೀ ಹಗಲು ಗೇಲಿ. ಅವರ ಮೇಲೆ ಚಿತ್ರ ತೆಗೆದರೆ ಬೆರಳು ಉಳಿಸಿ ಗೇಲಿಯನ್ನು ಕತ್ತರಿಸುತ್ತಾರೆ. ಇದನ್ನು ನೆನೆದಾಗಲೆಲ್ಲ ನನಗೆ ರೇಗುತ್ತಿತ್ತು. ಒಮ್ಮೊಮ್ಮೆ ಆ ಸರಳು ಹಿಡಿದು ನಿಂತಾಗ ನಿಜವಾಗಿಯೂ ಉಸಿರು ಕಟ್ಟುತ್ತಿತ್ತು. ಒಂದೇ ಒಂದು ಸಲ ಜನ ನನ್ನನ್ನು ನೋಡಿ ನಗಬೇಕು, ಅಷ್ಟು ಸಾಕು ಎಂದು ಹಟ ಹಿಡಿದೆ.

ಮಾಗಡಿಯಲ್ಲಿ ಒಂದು ತಮಾಷೆ ಚಿತ್ರದ ಶೂಟಿಂಗ್ ನಡೆಯುತ್ತಿದೆ ಎಂದು ತಿಳಿದು ನಾನಾಗಿಯೇ ಹೋಗಿ ಕೇಳಿದೆ. ಅವರು ಅನುಮಾನಿಸುತ್ತಲೇ ಸಣ್ಣ ಪಾತ್ರ ಕೊಟ್ಟರು. ಬುಟ್ಟಿಯಲ್ಲಿ ಕೋಳಿ ಇಟ್ಟುಕೊಂಡು ಬಸ್ಸು ಹತ್ತಿದ ಹೆಂಗಸು, ಕೋಳಿಗೂ ಟಿಕೆಟ್ ತಗೋ ಅಂದ ಕಂಡಕ್ಟರನ ಜೊತೆ ಜಗಳಕ್ಕೆ ಬೀಳುತ್ತಾಳೆ. ಕಾಲೇಜಿನ ದಿನಗಳ ನಾಲಿಗೆಯನ್ನೆಲ್ಲ ಬಿಚ್ಚಿದೆ. "ಕೋಳಿಗೆ ಟಿಕೆಟ್ ಅಂದ್ರೆ ಸೀಟೂ ಕೊಡು, ಕಿಟಕಿ ಪಕ್ಕದ್ದೇ ಕೊಡು" ಎಂದಾಗ ಲೈಟ್ ಹಿಡಿದ ಹುಡುಗರೂ ಬಿದ್ದು ಬಿದ್ದು ನಕ್ಕರು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮನೆಗೆ ಬಂದು ಕೋಳಿಸಾರು ಮಾಡಿದೆ.

ಆ ಚಿತ್ರ ಚನ್ನಪಟ್ಟಣದ ಟಾಕೀಸಿಗೆ ಬಂತು. ಮ್ಯಾಟಿನಿಗೆ ಹೋದೆವು. ಒಂದು ಪಕ್ಕ ಯಜಮಾನರು, ಇನ್ನೊಂದು ಪಕ್ಕ ಗುರುತಿಲ್ಲದ ಒಬ್ಬ ಅಜ್ಜಿ. ಜನ ಶುರುವಿನಿಂದ ಶಿಳ್ಳೆ ಹೊಡೆದು ನಗುತ್ತಿದ್ದರು. ಅಜ್ಜಿಗೂ ನಕ್ಕು ನಕ್ಕು ಕೆಮ್ಮು ಬಂದಿತ್ತು. ಅಷ್ಟರಲ್ಲಿ ಪರದೆಯ ಮೇಲೆ ನಾನು ಬುಟ್ಟಿ ಹಿಡಿದು ಬಸ್ಸು ಹತ್ತಿದೆ. ಟಾಕೀಸು ತಣ್ಣಗಾಯಿತು.

ಕೋಳಿಗೆ ಸೀಟು ಕೇಳಿದೆ. ಯಾರೂ ನಗಲಿಲ್ಲ. ಅಜ್ಜಿ ಸೆರಗಿನಿಂದ ಮೂಗೊರೆಸಿಕೊಂಡು, "ಅಯ್ಯೋ ಪಾಪ, ಹೊಟ್ಟೇಲಿ ಏಸೊಂದು ಸಂಕ್ಟ ಮಡೀಕೊಂಡವ್ಳೋ, ಆದ್ರೂ ನಗಸ್ತಾವ್ಳೆ" ಎಂದಳು.

"ಅಜ್ಜಿ, ಅದು ತಮಾಸೆ ಕಣಜ್ಜಿ" ಎಂದೆ.

ಅವಳು ತಿರುಗಿ ನೋಡಿ ಗುರುತು ಹಿಡಿದು ನನ್ನ ಎಡಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ನೀನೇ ಅಲ್ವೇನವ್ವಾ ಆ ಕಿಟಕಿಯವ್ಳು? ಇವ್ನೇನಾ ನಿನ್ ಗಂಡ?" ಯಜಮಾನರು ಸೀಟಿನಲ್ಲಿ ಕುಗ್ಗಿಹೋದರು.

ಇವರು ಒಂದು ದಿನವೂ ನನ್ನನ್ನು ಗದರಿದವರಲ್ಲ, ನನ್ನ ಸಂಕಟವೆಲ್ಲ ಒಂದು ದವಡೆ ಹಲ್ಲಿನದು ಎಂದು ಹೇಳಲು ಬಾಯಿ ತೆರೆದೆ. ಅಜ್ಜಿ ಕಣ್ಣು ತುಂಬಿಕೊಂಡು ಕಾಯುತ್ತಿದ್ದಳು. ಅವಳು ಹಿಡಿಯದೆ ಬಿಟ್ಟಿದ್ದ ಬಲಗೈ ತಾನಾಗಿಯೇ ಎದ್ದು ಕೆನ್ನೆಗೆ ಹೋಯಿತು.