ಗುರುಬಸವಪ್ಪನವರ ಗಟ್ಟಿ ದನಿ

ಉಪ್ಪಲ್ ರಸ್ತೆಯ ಹಳೆಯ ಬಟ್ಟೆ ಗಿರಣಿ ಈಗ ನಾಟಕಶಾಲೆಯಾಗಿದೆ. ಅಲ್ಲಿ ಮಗ್ಗ ನಡೆಸುತ್ತಿದ್ದ ರಾಯಚೂರಿನ ಗುರುಬಸವಪ್ಪನವರು ಈಗ ಅದರ ಬಾಗಿಲು ಕಾಯುತ್ತಾರೆ. ಮಗ್ಗಗಳು ಗುಜರಿಗೆ ಹೋದವು, ಅವುಗಳ ಸಪ್ಪಳವನ್ನು ಮೀರಿಸಲು ಬೆಳೆಸಿಕೊಂಡ ದನಿ ಮಾತ್ರ ಇವರಲ್ಲೇ ಉಳಿಯಿತು. ಐಟಿ ಕಂಪನಿಯ ಹುಡುಗರು ಕೊರಳಿನ ಗುರುತಿನ ಚೀಟಿಯನ್ನೂ ತೆಗೆಯದೆ ಓಡಿ ಬಂದರೆ, "ಸಾವಕಾಶ ಬರ್ರಿ, ನಾಟಕ ಇನ್ನೂ ಶುರು ಆಗಿಲ್ರಿ" ಎಂದು ಇವರು ಹೇಳುವುದು ಬಸ್ ಸ್ಟಾಪಿನವರಿಗೂ ಕೇಳುತ್ತದೆ. ಪ್ರೇಕ್ಷಕರಲ್ಲಿ ಯಾರಾದರೂ ಪಿಸುಗುಟ್ಟಿದರೆ "ಗಪ್ ಕುಂದರ್ರಿ" ಎಂದು ಗದರುತ್ತಾರೆ. ಆಗ ರಂಗದ ಮೇಲಿನ ರಾಜನೂ ಗಪ್ಪಾಗುತ್ತಾನೆ. ಆದರೆ ಹೆಂಡತಿ ಪಾರ್ವತಿಬಾಯಿ ಬುತ್ತಿ ತಂದು ಎದುರು ಬಾಗಿಲಲ್ಲಿ ನಿಂತರೆ ಆ ದನಿ ಅಡಗಿಬಿಡುತ್ತದೆ. ಆಕೆಯೂ ಅದೇ ಗಿರಣಿಯಲ್ಲಿ ದುಡಿದವರು. ಇಬ್ಬರೂ ಸಭಾಂಗಣದ ಆಚೆ ಈಚೆ ನಿಂತು, ಬರೀ ತುಟಿ ಆಡಿಸಿ ಮಾತಾಡುತ್ತಾರೆ, ನಗುತ್ತಾರೆ. ಈ ವಿದ್ಯೆ ಎಲ್ಲಿ ಕಲಿತಿರಿ ಎಂದು ಒಮ್ಮೆ ಕೇಳಿದೆ. "ನನ್ನ ಲಗ್ನ ಆಗ್ತಿ ಏನು ಅಂತ ಆಕಿನ್ನ ಇದ ಶೆಡ್ಡಿನ್ಯಾಗ, ಮಗ್ಗದ ಸಪ್ಪಳದಾಗ, ಬರೀ ತುಟಿ ಆಡಿಸಿ ಕೇಳಿದ್ದೆ ನೋಡ್ರಿ," ಎಂದು ಬಸ್ ಸ್ಟಾಪಿಗೆ ಕೇಳುವಂತೆಯೇ ಹೇಳಿದರು. "ಮಂದಿ ಎಲ್ಲಾ ತಮ್ ತಮ್ ಮಗ್ಗ ನೋಡಾಕತ್ತಿದ್ರು. ಆಕಿ ಒಬ್ಬಾಕಿ ನನ್ನ ಮಾರಿ ನೋಡಾಕತ್ತಿದ್ಲು."